ಹೂಳು

ಷರತ್ತು ಹದಿನೇಳು ಹೇಳುತ್ತದೆ:
ನಿವೇಶನದ ಮಣ್ಣು ನಿವೇಶನದಲ್ಲೇ ಉಳಿಯತಕ್ಕದ್ದು.
ಹದಿನೆಂಟು: ಕೆಳಗಂಚಿನುದ್ದಕ್ಕೂ ಬಟ್ಟೆಬೇಲಿ ಕಟ್ಟಿ
ಅದರ ಬುಡವನ್ನು ಆರು ಇಂಚು ಹೂಳತಕ್ಕದ್ದು.
ಹತ್ತೊಂಬತ್ತು: ಪ್ರತಿ ಮಳೆಯ ಮರುದಿನ
ಜವಾಬ್ದಾರರು ನೋಡಿ, ಬರೆದು, ಸಹಿ ಹಾಕತಕ್ಕದ್ದು.

ಜವಾಬ್ದಾರರು ಅಂದರೆ ನಾನು. ಫರ್ಹತ್.
ಡಿಪ್ಲೊಮಾ ಸಿವಿಲ್, ಐದನೇ ಸೈಜಿನ ಗಮ್‌ಬೂಟು.
ಬೇಗೂರು ರಸ್ತೆಯಿಂದ ಒಳಗೆ, ಇಳಿಜಾರಿನಲ್ಲಿ
ಮೂರು ಟವರು, ಎರಡು ಬೇಸ್‌ಮೆಂಟು,
ಅಗೆದ ಕೆಮ್ಮಣ್ಣೆಲ್ಲ ಗೇಟಿನ ಪಕ್ಕ ಗುಡ್ಡೆ.
ಗುಡ್ಡೆಗೆ ಹೊದಿಸಬೇಕಿದ್ದ ಟಾರ್ಪಾಲಿನಡಿ
ಸಿಮೆಂಟು ಬೆಚ್ಚಗೆ ಮಲಗಿದೆ.

ಕಡತದ ಕನ್ನಡಕ್ಕೆ ಎಂಥ ನಂಬಿಕೆ!
ತಕ್ಕದ್ದು ಎಂದರೆ ಸಾಕು,
ಮಣ್ಣು ಕೈಕಟ್ಟಿ ನಿಲ್ಲುತ್ತದೆ.

ತಪಾಸಣೆಯ ಹಿಂದಿನ ದಿನ ಬೇಲಿ ಬಂತು.
ಹಸಿರು ಬಟ್ಟೆ, ಸರ್ವೆ ಗೂಟ, ಮೇಲೊಂದು ತಂತಿ.
ಬುಡ ನೆಲಕ್ಕೆ ತಾಗಿತ್ತು, ಅಷ್ಟೆ,
ಲಂಗದ ಅಂಚು ತಾಗಿದ ಹಾಗೆ.
ಕಂಟ್ರಾಕ್ಟರ್ ಚೌಡರೆಡ್ಡಿ ಫೋಟೋ ತೆಗೆದ.
"ಫೋಟೋದಲ್ಲಿ ಬುಡ ಯಾರಿಗ್ ಕಾಣ್ಸುತ್ತೆ ಮೇಡಂ?"
ಸಹಿ ಹಾಕಿದೆ. ನೀಲಿ ಇಂಕು.

ದುರುಗವ್ವ ದಬ್ಬಳದಲ್ಲಿ ಬಟ್ಟೆಗೆ ಬಟ್ಟೆ ಹೊಲಿಯುತ್ತಿದ್ದಳು.
ತಲೆ ಎತ್ತದೆ ಅಂದಳು:
"ಬುಡ ಹೂಳಲಾರ್ದ ಬ್ಯಾಲಿ ಏನ್ ತಡಿತೈತ್ರಿ?
ಇಲ್ಲಿ ಹೂಳಲಿಲ್ಲಂದ್ರ ಅಲ್ಲಿ ಹೂಳು."
ನಾನು ನಕ್ಕೆ. ಚಹಾ ಬಂದಿತ್ತು.

ಮಳೆ ಗುರುವಾರ ರಾತ್ರಿ, ಒಂದೂವರೆಗೆ.
ಬೆಳಿಗ್ಗೆ ಮಾಪಕದಲ್ಲಿ ಎಪ್ಪತ್ತೊಂದು ಮಿಲಿಮೀಟರು,
ಜೊತೆಗೆ ಒಂದು ಈಸುವ ಜೀರುಂಡೆ.
ಬೇಲಿ ಬಿದ್ದಿರಲಿಲ್ಲ. ಅದೇ ಸೋಜಿಗ.
ಫೋಟೋದಲ್ಲಿದ್ದ ಹಾಗೇ ನೆಟ್ಟಗೆ, ಹಸಿರಾಗಿ ನಿಂತಿತ್ತು;
ಅದರ ಕೆಳಗೆ ಅರ್ಧ ಗುಡ್ಡೆ
ಬಗ್ಗಿ ನುಸುಳಿ ಹೋಗಿತ್ತು,
ಟಿಕೆಟ್ಟಿಲ್ಲದ ಹುಡುಗರು ಟೆಂಟಿನ ಪರದೆಯಡಿ
ಒಬ್ಬನ ಹಿಂದೊಬ್ಬ ನುಸುಳುವಂತೆ,
ರಸ್ತೆಗೆ, ಮೋರಿಗೆ, ರಾಜಕಾಲುವೆಗೆ.

ಬಾಟಲಿ ಹಿಡಿದು ನಾನೂ ಅದರ ಜಾಡು ಹಿಡಿದೆ.
ಬೇಕರಿಯವನು ಮೆಟ್ಟಿಲು ತೊಳೆಯುತ್ತಿದ್ದ.
ಒಂದು ಸ್ಕೂಟರು ಜಾರಿ ಮಲಗಿತ್ತು.
ಕೆರೆ ಕೆಂಪಗೆ, ಇಟ್ಟಿಗೆ ಕಲಸಿಟ್ಟಂತೆ.
ಗುತ್ತಿಗೆಗೆ ಮೀನು ಹಿಡಿಯುವ ಆರೋಕ್ಯ
ಹರಿಗೋಲಲ್ಲಿ ನಿಂತು ಕೋಲಿಗೆ ಏನೋ ಕಟ್ಟುತ್ತಿದ್ದ.
ತಳ ಮುಟ್ಟಿದಾಗ ನೀರು ಎಲ್ಲಿವರೆಗೆ ಅಂತ
ವರ್ಷಕ್ಕೊಂದು ಬಟ್ಟೆ ಚೂರು ಕಟ್ಟುತ್ತಾನಂತೆ.
ಎಲ್ಲಕ್ಕಿಂತ ಮೇಲೆ ಬಿಳಿ. ಗೇಣು ಕೆಳಗೆ ನೀಲಿ.
ಅದರ ಮೊಳ ಕೆಳಗೆ ಹೊಸತು, ತೇಲಿ ಬಂದದ್ದು,
ನಮ್ಮ ಬೇಲಿಯ ಹಸಿರು.

"ನಿಮ್ದು ಎಷ್ಟ್ ಮಾಳಿಗೆ ಆಯ್ತು ಮೇಡಂ?"
ಏಳು, ಅಂದೆ.
"ಇಲ್ಲೂ ಒಂದು ಎದ್ದದೆ, ನೀರೊಳಗೆ.
ಬಾಡಿಗೆಗೆ ಹೋಗಲ್ಲ, ಅಷ್ಟೇಯ."

ರಿಜಿಸ್ಟರು ತೆರೆದೆ.
ಬೇಲಿ: ಸುಸ್ಥಿತಿಯಲ್ಲಿದೆ.
ಹಾಗೆ ಬರೆದರೆ ಸುಳ್ಳೂ ಆಗುತ್ತಿರಲಿಲ್ಲ.
ಪೆನ್ನು ಆ ಚೌಕದ ಮೇಲೆ ಬಹಳ ಹೊತ್ತು ನಿಂತಿತ್ತು,
ಆಮೇಲೆ ಚೌಕ ದಾಟಿ ಪಕ್ಕದ ಚೌಕಕ್ಕೂ ಹರಿಯಿತು:
ಬೇಲಿ ನಿಂತಿದೆ. ಮಣ್ಣು ನಿಂತಿಲ್ಲ. ಬುಡ ಹೂತಿಲ್ಲ.
ಆವತ್ತೂ ಹೂತಿರಲಿಲ್ಲ. ಆವತ್ತಿನ ಸಹಿಯೂ ನನ್ನದೇ.

ಚೌಡರೆಡ್ಡಿಯ ಫೋನು ಮೂರು ಸಲ ಬಂತು.
ಎತ್ತಲಿಲ್ಲ. ಎರಡೂ ಕೈಯಲ್ಲಿ ಬೇಲಿ ಎತ್ತಿ ಹಿಡಿದಿದ್ದೆ.
ದುರುಗವ್ವ ಹಾರೆಯಲ್ಲಿ ಉದ್ದಕ್ಕೆ ಕಾಲುವೆ ತೋಡುತ್ತಾ
"ಆರು ಇಂಚಂದ್ರ ಎಷ್ಟ್ರಿ?" ಅಂದಳು.
ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದೆ. ಚೋಟು.
ಅವಳು ಕಿರುಬೆರಳನ್ನೂ ಬಿಡಿಸಿ ನೆಲಕ್ಕಿಟ್ಟು ಅಳೆದಳು.
"ಗೇಣು ಇರ್ಲಿ. ಮಳಿಗೆ ಇಂಚು ತಿಳಿಯಂಗಿಲ್ಲ."

ರಾತ್ರಿ ಬಚ್ಚಲಲ್ಲಿ ಬೂಟು ತೊಳೆದೆ.
ಕೆಂಪು ನೀರು ಒಂದು ಸುತ್ತು ಸುತ್ತಿ
ಜಾಲರಿಯಲ್ಲಿ ಇಳಿಯತೊಡಗಿತು.
ಕಾಲಿನಿಂದ ತಡೆದು ನಿಂತು ಕೂಗಿದೆ:
ಅಮ್ಮೀ, ಹಳೇ ದುಪಟ್ಟಾ ಏನಾದರೂ ಇದೆಯಾ?