ಉಗುರಿನ ಗುರುತು

ಕೊಪ್ಪಳ–ಕುಕನೂರು ಬಸ್ಸಿನ ನೆತ್ತಿಯಿಂದ ಇಳಿದವು
ನಲವತ್ತು ಅಂಜೂರದ ಸಸಿ,
ಹಸಿ ಗೋಣಿ ಸುತ್ತಿಕೊಂಡು,
ಬೇರಿಗೆ ಚಿಟಿಕೆ ಮಣ್ಣಿಲ್ಲದೆ.

ಗುಂಡಿಗಳಿನ್ನೂ ಮೊಣಕಾಲ ಮಟ್ಟ.
ಕೆಳಗೆ ಗರಸು; ಹಾರೆ ಬಡಿದರೆ ಕಿಡಿ.

"ಬಿಸಿಲಿಗೆ ಬೇರು ತೋರಿಸಬ್ಯಾಡ"
ಮಾಬುಬಿ ಸೆರಗು ಮರೆ ಹಿಡಿದಳು.
ಬೇವಿನ ನೆರಳಿಗೆ ಉದ್ದಕ್ಕೊಂದು ಕಾಲುವೆ ತೋಡಿ
ಓರೆಯಾಗಿ ಮಲಗಿಸಿದೆವು,
ಹಳ್ಳದ ಮರಳು ಹೊದಿಸಿ,
ಸಂಜೆಗೊಂದು ಕೊಡ ನೀರು.

ಒಂಬತ್ತು ದಿನ.
ಎಲೆಯಿಲ್ಲ, ಚಿಗುರಿಲ್ಲ, ಬರೀ ಕಟ್ಟಿಗೆ.
ಬೆಳಗಾದರೆ ಕದ್ದು ಹೋಗಿ
ಉಗುರಿಂದ ತೊಗಟೆ ಕೆರೆದು ನೋಡುತ್ತಿದ್ದೆ:
ಹಸಿರು.
ಮತ್ತೆ ಮಣ್ಣು ಸವರುತ್ತಿದ್ದೆ.

ಹತ್ತನೆಯ ದಿನ ಕುಡಗೋಲು ಮಸೆದು
ಮುರಿದ ಬೇರಿನ ತುದಿ ಕೊಯ್ದಳು,
ಸಗಣಿ, ಎರೆಮಣ್ಣು ಕಲಸಿದ ರಾಡಿಗೆ ಅದ್ದಿದಳು,
ಕೈ ನಿಂತಿತು.
"ನಲವತ್ತಕ್ಕೂ ಗೀರು! ಇಲಿಯೇನು?"
ನಾನು ಕೈ ಹಿಂದಕ್ಕೆ ಕಟ್ಟಿದೆ.

"ಜೀವ ಐತೇನಂತ ದಿನಾ ಕೇಳಿದ್ರ
ಮಲಗಿದವರು ಎದ್ದು ಹೇಳ್ತಾರೇನು?"

ರಾಡಿ ಹತ್ತಿದ ಬೆರಳಿಂದಲೇ
ಒಂದೊಂದು ಗೀರಿಗೂ ಮೆತ್ತುತ್ತ ಹೋದಳು;
ಕೊನೆಯದಕ್ಕೆ ಮೆತ್ತುವ ಮುನ್ನ
ಬಗ್ಗಿ, ತಾನೂ ಒಮ್ಮೆ
ಉಗುರಾಡಿಸಿ ನೋಡಿದಳು.