ನೀಲಿ ಬೇಡವಂತೆ

ಸಿಮೆಂಟು ನೆಲದ ಮೇಲೆ ಕ್ಯಾನ್ವಾಸು ಹಾಸಿದೆ.
ಅದರ ಮೇಲೇ ಕೂತಿದ್ದಾಳೆ ಅಜ್ಜಿ, ಕಾಲು ಚಾಚಿ.
ಪಕ್ಕದಲ್ಲಿ ಆರಿದ ಚಹಾ, ಮೂರು ನಾಯಿ,
ಹಾಲುಪುಡಿಯ ಹಳೇ ಡಬ್ಬಗಳಲ್ಲಿ ಬಣ್ಣ.

ಟ್ರಿಶ್ ಬಗ್ಗಿ ಕೇಳುತ್ತಾಳೆ:
"ನಂಗಾಲ, ನೀರಿಗೆ ಒಂದಿಷ್ಟು ನೀಲಿ?
ಸಿಡ್ನಿಯವರು ನೀಲಿ ಇಷ್ಟಪಡುತ್ತಾರೆ."
ಅಜ್ಜಿ ತಲೆ ಎತ್ತುವುದಿಲ್ಲ.
ಕಡ್ಡಿಯ ತುದಿ ಕಪ್ಪಿಗೆ ಅದ್ದಿ
ಒಂದು ಸುತ್ತು. ಅದರ ಹೊರಗೆ ಇನ್ನೊಂದು.
"ನಾನು ಕುಡಿದ ನೀರು ಆಕಾಶ ಕಂಡದ್ದಲ್ಲ" ಎನ್ನುತ್ತಾಳೆ
ನಮ್ಮ ಮಾತಿನಲ್ಲಿ, ನನಗೆ ಮಾತ್ರ.
"ಮೊಳಕೈ ಮುಳುಗುವಷ್ಟು ಮರಳು ಬಗೆಯಬೇಕು.
ಕತ್ತಲ ಬಣ್ಣ ಅದಕ್ಕೆ."
ನಾನು ಟ್ರಿಶ್‌ಗೆ ಹೇಳುತ್ತೇನೆ:
ನೀಲಿ ಬೇಡವಂತೆ.

ಸೋಮವಾರ ಎಡಮೂಲೆಯಿಂದ ಹೊರಟವಳು
ಇನ್ನೂ ನಡೆಯುತ್ತಿದ್ದಾಳೆ,
ಕೊಳ್ಳಿ ಹಿಡಿದ ಅವ್ವನ ಹಿಂದೆ, ಬರಿಗಾಲಲ್ಲಿ.
ಏಳು ಮರಳುದಿಬ್ಬ ದಾಟಿದರೆ ಬಂಡೆಯ ದೊಣೆ.
ಅದು ತುಂಬುವ ತನಕ
ಮುಂದಿನ ಒರತೆಗೆ ಕೈ ಹೋಗದು.
ಹಿಂದೆ ಮಕ್ಕಳು ಬರುತ್ತಿವೆಯಲ್ಲ, ಬಾಯಾರಿ.

ನಾಲ್ಕನೆಯದು ಅವಳ ಅಕ್ಕ ಹುಟ್ಟಿದ ನೀರು.
ಹೋದವಳ ಹೆಸರು ನಾವು ಎತ್ತುವುದಿಲ್ಲ.
ಅಜ್ಜಿ ಗಂಟಲಲ್ಲೇ ಏನೋ ಗುನುಗಿ
ಸುತ್ತುಗಳ ಮೇಲೆ ಬಿಳಿ ಚುಕ್ಕಿ ಇಡುತ್ತಾಳೆ,
ಚುಕ್ಕಿ, ಚುಕ್ಕಿ, ಸಂಜೆಯವರೆಗೆ.
ಈಗ ಅಲ್ಲಿ ಏನೂ ಇಲ್ಲ,
ಕೊಳ್ಳುವವರ ಕಣ್ಣಿಗೆ.

ಹೋದ ಚಳಿಗಾಲ ಅಲ್ಲಿಗೆ ಹೋಗಿದ್ದೆವು.
ಟೊಯೊಟಾ ಎರಡು ಸಲ ಪಂಕ್ಚರು.
ಸರಕಾರದ ನಕ್ಷೆಯಲ್ಲಿ ಬರೀ ಹಳದಿ.
ದೂರದಲ್ಲೇ ಗಾಡಿ ನಿಲ್ಲಿಸಿ, ಇಳಿದು, ಕೂಗಿದಳು:
"ನಾನೇ! ಮುದುಕಿಯಾಗಿ ಬಂದಿದ್ದೇನೆ.
ಇವಳು ನನ್ನ ಮಗನ ಮಗಳು,
ಇವಳ ವಾಸನೆ ಹಿಡಿದಿಟ್ಟುಕೋ."
ತನ್ನ ಕಂಕುಳ ಬೆವರು ನನ್ನ ಹಣೆಗೆ ತಿಕ್ಕಿದಳು.

ಬಗೆದೆವು. ಮೊಳಕೈ. ಭುಜ.
ಒಣ ಮರಳು, ಒಂದು ಒಂಟೆಯ ಹಲ್ಲು.
ಚಿಕ್ಕಪ್ಪ ಲಿಂಡ್ಸೆ ಗಡಿಯಾರ ನೋಡಿದ.
ಅಜ್ಜಿ ಬೈದಳು, ಬಹಳ ಹೊತ್ತು,
ನಮ್ಮನ್ನೋ ನೀರನ್ನೋ ತಿಳಿಯಲಿಲ್ಲ.
"ಇಷ್ಟು ವರ್ಷ ಯಾರೂ ಮಾತಾಡಿಸದಿದ್ದರೆ
ನೀನಾದರೂ ಮುನಿಯುತ್ತಿರಲಿಲ್ಲವಾ?" ಎಂದಳು ಆಮೇಲೆ,
ನನ್ನ ಕಂಬಳಿಯನ್ನೂ ಎಳೆದುಕೊಂಡು.

ಬೆಳಿಗ್ಗೆ ಗುಂಡಿಯ ತಳದಲ್ಲಿ
ತಟ್ಟೆಯಗಲ ಕಪ್ಪು.
ಅಂಚಿನಲ್ಲಿ ಹಕ್ಕಿಗಳ ಕಾಲು,
ನಮಗಿಂತ ಮೊದಲೇ ಬಂದು ಹೋದವು.

ಇವತ್ತು ಗುರುವಾರ. ಕುಂಟ ನಾಯಿ ಎದ್ದು, ಮೈಮುರಿದು,
ಹಸಿ ಬಿಳಿಯ ಮೇಲೆ ನಡೆದೇಬಿಟ್ಟಿತು.
ಟ್ರಿಶ್ ಬಟ್ಟೆ ಹಿಡಿದು ಓಡಿ ಬಂದಳು.
"ಬಿಡು" ಎಂದಳು ಅಜ್ಜಿ, ಇಂಗ್ಲಿಷಿನಲ್ಲೇ.
ಹೆಜ್ಜೆಗಳು ಮರಳುದಿಬ್ಬ ಇಳಿದು
ನೇರ ಅಲ್ಲಿಗೇ ಹೋಗಿದ್ದವು,
ಏನೂ ಇಲ್ಲದ ಕಡೆಗೆ.

"ಇವನಿಗೆ ಯಾರು ಹೇಳಿದರೇ?"
ಉಳಿದ ಮೂರು ಹಲ್ಲೂ ಕಾಣುವಂತೆ ನಕ್ಕು
ಲೋಟ ನನ್ನ ಕಡೆ ತಳ್ಳಿದಳು:
ಬಿಸಿ ಮಾಡಿ ತಾ. ಸಕ್ಕರೆ ನಾಲ್ಕು.