ಹಿಂದಿನ ಗೇರು

ಶೆಡ್ಡು ಏಳಡಿ ಅಗಲ, ಹದಿನಾಲ್ಕಡಿ ಉದ್ದ.
ಕಾರು ಹನ್ನೆರಡಡಿ ಹತ್ತಿಂಚು.
ಉಳಿದ ಹದಿನಾಲ್ಕಿಂಚಿನಾಗೆ
ನಾನು, ನನ್ನ ಜೂಕಿ ಮಶೀನು,
ಕಟ್ಟುಗಟ್ಟಲೆ ಹೊಲಿಯದ ಜೀನ್ಸಿನ ಕಾಲು
ಹೊಂದಿಕೊಂಡು ಇರಬೇಕಂತೆ.

ಗುಜರಿಯವನು ಕೆಜಿ ಲೆಕ್ಕದಾಗೆ ಕೊಟ್ಟ.
ಕೌಲ್ ಬಜಾರಿನ ತಿರುವಿನಾಗೆ ಟ್ರಾಲಿ ನಿಲ್ಲಿಸಿ
"ಅರವತ್ತೊಂದನೇ ಇಸವಿ ಫಿಯಟ್ಟು" ಅಂದ್ರು ಇವರು,
ಆಸ್ಪತ್ರೆಯಿಂದ ಹೊರಗೆ ಬಂದು
ಕೂಸಿನ ತೂಕ ಹೇಳಿದಂಗೆ.
ನಾನು ನೋಡಿದ್ದು ಗಾಲಿಯಿಲ್ಲದ ತಗಡು,
ಮತ್ತೆ ಉಲ್ಟಾ ತೆಗೆಯೋ ಮುಂದಿನ ಬಾಗಿಲು.
ಹೊಸ ಮನೆಯಾಗೆ ಯಾವ ಕಡೆ ತಿರುಗಬೇಕೋ ತಿಳಿಯದ
ಬೀಗಿತ್ತಿ ಹಂಗೆ ನಿಂತಿತ್ತು.

ಬಾಗಿಲಿನ ಹೊಟ್ಟೆ ಬಿಚ್ಚಿದ ದಿನ
ಎರಡು ಬೋಗುಣಿ ಕೆಂಪು ಧೂಳು ಸುರಿಯಿತು.
ಅದಿರಿನ ಲಾರಿ ಹಗಲು ರಾತ್ರಿ ಓಡಿದ ಕಾಲದ್ದು.
ಆಗ ನಮ್ಮ ಮೊಸರನ್ನದಾಗೂ ಅದೇ ಇತ್ತು,
ಒಣಹಾಕಿದ ಬಿಳಿ ಸೀರೆಯಾಗೂ.
ಇವರು ಬೆರಳಿಗೆ ಹಚ್ಚಿಕೊಂಡು ಸುಮ್ಮನೆ ಕೂತರು.
ನಾನು ಮೊರದಾಗೆ ಬಳಿದು ಬೀದಿಗೆ ಚೆಲ್ಲಿದೆ.

ಟಿಂಕರ್ ಗಾದಿಲಿಂಗ ಭಾನುವಾರ ಬರ್ತಾನೆ.
ತಗಡಿಗೆ ಕಿವಿ ಇಟ್ಟು, ಮರದ ಸುತ್ತಿಗೆಯಿಂದ ತಟ್ಟಿ,
ಮತ್ತೆ ಕಿವಿ ಇಡ್ತಾನೆ.
ಕೂಲಿ ಕೇಳಿದರೆ "ಎರಡು ಪ್ಯಾಂಟು ಸಾಕಕ್ಕಾ" ಅಂತಾನೆ.
ಸೊಂಟ ಮೂವತ್ತೆಂಟು. ಉದ್ದ ಹೇಳಲ್ಲ, ನಾಚಿಕೆ.
ಎಡಗಡೆ ಕೆಲಸ ಮುಗಿದರೆ
ಕಾರನ್ನ ಗಲ್ಲಿಗೆ ತಳ್ಳಿ, ತಿರುಗಿಸಿ,
ಮತ್ತೆ ಒಳಗೆ ತಳ್ಳಬೇಕು.
ಬಲಗಡೆ ಗೋಡೆಗೆ ಅಂಟಿಕೊಂಡೇ ಇರ್ತೈತಲ್ಲ.

ಹೊಸಪೇಟೆಯಿಂದ ಒಬ್ಬರು ಬಂದಿದ್ರು, ಬಿಳಿ ಬೂಟು.
ಬಾನೆಟ್ ಎತ್ತಿ ಹುಣಸೆಕಾಯಿ ಕಡಿದಂಗಾದರು.
"ಮಾರುತಿ ವ್ಯಾನಿನ ಎಂಜಿನ್ನಾ?
ಹಂಗಾದ್ರೆ ಇದು ಫಿಯಟ್ ಅಲ್ಲ ಬಿಡ್ರಿ."
ಇವರ ಮುಖ ಇಳೀತು.
ಇವರ ಮೇಲಿನ ಸಾಲು ಹಲ್ಲು ಪೂರ್ತಿ ಕಟ್ಟಿಸಿದ್ದು.
ನಾನೇನು ದಿನಾ ಬೇರೆ ಗಂಡಸಿಗೆ
ರೊಟ್ಟಿ ಬಡೀತೀನೇನು?
ಬಾಯಿತನಕ ಬಂದಿತ್ತು.
ಚಾ ಕೊಟ್ಟು ಕಳಿಸಿದೆ.

ಸೀಟು ಬಿಚ್ಚೋದು ನನ್ನ ಪಾಲಿಗೆ ಬಂತು.
ಮೇಲೆ ರೆಕ್ಸಿನ್, ಅದರ ಕೆಳಗೆ ಇನ್ನೊಂದು ರೆಕ್ಸಿನ್,
ಅದರ ಕೆಳಗೆ ತೆಂಗಿನ ನಾರು, ತುಕ್ಕಿನ ಸ್ಪ್ರಿಂಗು,
ಒಂದು ತಲೆಪಿನ್ನು, ಮೂರು ಹುಣಸೆ ಬೀಜ.
ಅಂಚಿನಾಗೆ ಕೈ ಹೊಲಿಗೆ.
ಬ್ಲೇಡು ಇಡೋಕೆ ಹೋದವಳು ನಿಂತೆ.
ಟಾಕಿ ಎಲ್ಲಾ ಉಲ್ಟಾ ವಾಲಿದ್ವು.
ಎಡಗೈಯವರ ಟಾಕಿ.
ಮೂಲೆಗೆ ಬಂದಾಗ ದಾರ ಬಿಗಿ ಮಾಡಿ
ಒಂದು ಸುತ್ತು ಹೆಚ್ಚಿಗೆ ಹಾಕ್ಯಾರೆ.
ಅಲ್ಲಿ ಯಾರೂ ನೋಡಲ್ಲ.
ಪೀಸಿಗೆ ಇಷ್ಟು ಅಂತ ಹೊಲಿಯೋ ನಾನು
ಯಾವತ್ತೂ ಆ ಸುತ್ತು ಹಾಕಿಲ್ಲ.
ಹೆಸರಿಲ್ಲ, ಊರಿಲ್ಲ. ಗಂಡೋ ಹೆಣ್ಣೋ, ಅದೂ ಇಲ್ಲ.
ಮಧ್ಯಾಹ್ನ ಕರೆಂಟು ಹೋಗಿತ್ತು,
ಬೆವರು ಕಣ್ಣಿಗಿಳೀತಿತ್ತು,
ಆದರೂ ಒಂದೊಂದೇ ಟಾಕಿ ಪಿನ್ನಿನಿಂದ ಎತ್ತಿದೆ.
ಮೂರಿಂಚು ಹಂಗೇ ಬಿಟ್ಟೀನಿ, ಸೀಟಿನ ಅಡಿಗೆ.
ಇವರಿಗೂ ಹೇಳಿಲ್ಲ.

ಮೇಲೆ ಹೊದಿಸಿದ್ದು ಮಾತ್ರ ನಂದೇ:
ದಪ್ಪ ನೀಲಿ ಡೆನಿಮ್ಮು, ಜೋಡಿ ಹಳದಿ ಹೊಲಿಗೆ,
ಡ್ರೈವರ್ ಸೀಟಿನ ಬೆನ್ನಿಗೆ ಒಂದು ಜೇಬು,
ಎರಡು ಮೂಲೆಗೆ ತಾಮ್ರದ ಗುಂಡಿ.
"ಕಾರಿಗೆ ಜೇಬು ಯಾಕೆ?" ಅಂದ್ರು ಇವರು.
ಮೂರು ದಿನ ಮಾತಿಲ್ಲ.
ನಾಲ್ಕನೇ ದಿನ ನೋಡಿದರೆ
ಕನ್ನಡಕ, ಸ್ಪ್ಯಾನರ್ ಹನ್ನೆರಡು ಹದಿಮೂರು,
ಬಿಪಿ ಗುಳಿಗೆ, ಎಲ್ಲಾ ಅದರಾಗೆ.

ಈಗ ಓಡ್ತೈತೆ.
ಕೋಟೆ ಗುಡ್ಡ ಸುತ್ತಿ ಮೋತಿ ಸರ್ಕಲ್ ತನಕ
ಒಮ್ಮೆ ಹೋಗಿ ಬಂದ್ವಿ.
ಹಿಂದಿನ ಗೇರು ಮಾತ್ರ ಬೀಳಲ್ಲ.
ಸ್ಟೇರಿಂಗಿನ ಪಕ್ಕದ ಕಡ್ಡಿ ಹಳೇದು,
ಕೆಳಗಿನ ಪೆಟ್ಟಿಗೆ ಹೊಸದು,
ಇನ್ನೂ ಒಬ್ಬರ ಮಾತು ಒಬ್ಬರಿಗೆ ತಿಳಿಯಲ್ಲ.
ಶೆಡ್ಡಿಗೆ ಮೂತಿ ಮುಂದು ಮಾಡಿ ಹೋದರೆ
ಹೊರಗೆ ತರೋಕೆ ಆರು ಕೈ ಬೇಕು.
ಗಾದಿಲಿಂಗ, ಎದುರು ಮನೆ ಹೊನ್ನೂರಬಿ, ನಾನು.

ಇವರು ಒಳಗೆ ಕೂತು
ಹಾರ್ನ್ ಹೊಡೀತಾರೆ.